ಎದುರುಮನೆಯವರ ಗೊಂಬೆ ಮೆಟ್ಟಿಲು

ಎದುರುಮನೆಯವರ ಎಡ ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಬಟ್ಟೆ ಇರುತ್ತಿತ್ತು. ನೈಟಿಯ ಮೇಲೂ ಇರುತ್ತಿತ್ತು, ಮೈಸೂರು ರೇಷ್ಮೆಯ ಮೇಲೂ ಇರುತ್ತಿತ್ತು. ಆ ಜಾಗ ಸದಾ ತೇವವಾಗಿರುತ್ತಿದ್ದುದರಿಂದ ಅವರ ರವಿಕೆಗಳೆಲ್ಲ ಎಡಗಡೆ ಕೊಂಚ ಮಾಸಿದ್ದವು. ಮಾತಾಡುತ್ತ ಮಾತಾಡುತ್ತ ಆ ಬಟ್ಟೆ ಕೈಗಿಳಿಯುತ್ತಿತ್ತು. ಎದುರಿಗೆ ಏನಿದ್ದರೂ ಒರೆಸುತ್ತಿದ್ದರು: ನಲ್ಲಿ, ಸ್ವಿಚ್ಚು, ಫ್ರಿಜ್ಜಿನ ಹಿಡಿ, ನನ್ನ ಮೊಮ್ಮಗಳ ಗಲ್ಲ. "ಮನೆ ಅಂದ್ರೆ ಒಳಗೆ ಕಾಲಿಟ್ಟ ತಕ್ಷಣ ಅಂಗಾಲು ತಣ್ಣಗಾಗ್ಬೇಕು," ಎನ್ನುತ್ತಿದ್ದರು.

ಆ ಬಟ್ಟೆ ನೋಡಿದವರು ಅಷ್ಟು ದೊಡ್ಡ ಮನೆಯನ್ನು ಅವರೇ ಒರೆಸುತ್ತಾರೆಂದು ತಿಳಿಯುತ್ತಿದ್ದರು. ಒರೆಸುತ್ತಿದ್ದವಳು ಬೇರೆ. ಆ ವಿಷಯಕ್ಕೆ ಬರುತ್ತೇನೆ. ಮೊದಲು ಅವರು ನನಗೆ ಮಾಡಿದ ಉಪಕಾರ ಬರೆಯಬೇಕು, ಅದು ಕ್ರಮ. ಕ್ರಮ ತಪ್ಪಿದರೆ ನನಗೆ ಸಿಟ್ಟು ನೆತ್ತಿಗೇರಿ ಅರ್ಧ ಸತ್ಯ ಬಿಟ್ಟುಹೋಗುತ್ತದೆ.

ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು. ಬೆಳಿಗ್ಗೆ ಐದಕ್ಕೆ ಏಳುವುದು, ಹಾಸಿಗೆಯ ಮೂಲೆ ಮಡಿಸುವುದು, ಕೆಲಸ ಮುಗಿಸಿಯೇ ಕೂರುವುದು, ಇವು ನನ್ನ ಮೂಳೆಯಲ್ಲಿ ಕೂತಿವೆ. ಮಗಳ ಮನೆ ಹೂಸ್ಟನ್ನಿನ ಸೈಪ್ರೆಸ್‌ನಲ್ಲಿ. ಅಳಿಯನ ಪ್ರಾಜೆಕ್ಟು ಡಲ್ಲಾಸಿನ ಕಡೆ, ಲಾಸ್ ಕೊಲಿನಾಸ್‌ನಲ್ಲಿ. ವಾರವೆಲ್ಲ ಅಲ್ಲಿದ್ದು ಶನಿವಾರ, ಭಾನುವಾರಕ್ಕೆ ಮಾತ್ರ ಮನೆಗೆ ಬರುತ್ತಿದ್ದ. ನಾನು ಬಂದ ಮರುವರ್ಷ ನನಗೆ ಸರ್ಪಸುತ್ತು ಬಂತು. ಬೆನ್ನಿನಿಂದ ಪಕ್ಕೆಯವರೆಗೆ ನೀರುಗುಳ್ಳೆ, ಬೆಂಕಿ ಉರಿ. ಮಗಳು ಬಸುರಿ, ಹತ್ತಿರ ಬರುವಂತಿಲ್ಲ. ಅಲ್ಲಿಯವರೆಗೆ ಕೈಬೀಸಿ ಹೋಗುವಷ್ಟೇ ಪರಿಚಯವಿದ್ದ ಎದುರುಮನೆಯವರು ಗಂಜಿಯ ಪಾತ್ರೆ ಹಿಡಿದು ಬಂದರು. ಬಂದವರು ಗುಣವಾಗುವ ತನಕ ದಿನಾ ಬಂದರು.

"ಊರವರಿಗೆಲ್ಲ ಮಾಡಿದೀರಿ ಸಿಸ್ಟರಮ್ಮ, ಈಗ ಸುಮ್ನೆ ಬೋರಲು ಮಲಗಿ," ಎಂದು ಗದರಿಸಿ ಗುಳ್ಳೆಗಳಿಗೆ ಔಷಧ ಹಚ್ಚಿದರು. ಕೈಗವಸು ಹಾಕಿಕೊಳ್ಳಿ ಎಂದೆ. ನಾನು ವಾರ್ಡಿನಲ್ಲಿ ಎಷ್ಟೋ ಹುಡುಗಿಯರಿಗೆ ಇದೇ ಮಾತು ಹೇಳಿ ಬೈದವಳು.

"ಗ್ಲೌಸ್ ಹಾಕ್ಕೊಂಡು ಮಾಡೋದು ಡ್ಯೂಟಿ. ಇದು ಡ್ಯೂಟಿ ಅಲ್ಲ," ಎಂದರು.

ನನ್ನ ಮೈಯ ಕೀವನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ಹಾಗೆ ಮುಟ್ಟಿಲ್ಲ. ಅಂದಿನಿಂದ ಅವರು ನನಗೆ ತಂಗಿ.

ನನಗೊಬ್ಬಳಿಗೆ ಅಂತಲ್ಲ. ಯಾರಿಗೆ ಹೊಸದಾಗಿ ಕೆಲಸ ಸಿಕ್ಕಿ ಬಂದರೂ ಮೊದಲ ಊಟ ಅವರ ಮನೆಯಲ್ಲಿ. ಆಸ್ಟಿನ್‌ನಲ್ಲಿ ಓದುತ್ತಿದ್ದ ನಮ್ಮ ಕಡೆಯ ಮಕ್ಕಳು ರಜೆ ಸಿಕ್ಕರೆ ಅವರ ವಾಂಗಿಬಾತಿಗಾಗಿ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಯಾವ ಜಾತಿ, ಯಾವ ಧರ್ಮ ಎಂದು ಕೇಳಿದವರಲ್ಲ. ಕಾನೂನಿಗೂ ಬಹಳ ಅಂಜುವವರು. ನಮ್ಮ ಬೀದಿಯ ತುದಿಯ ಸ್ಟಾಪ್ ಸೈನ್ ಹತ್ತಿರ ನರಪಿಳ್ಳೆ ಇಲ್ಲದಿದ್ದರೂ ಪೂರ್ತಿ ಕಾರು ನಿಲ್ಲಿಸಿ, ಎಡಬಲ ನೋಡಿ, ಆಮೇಲೆ ಮುಂದೆ ಹೋಗುತ್ತಿದ್ದರು. "ಬಂದ ದೇಶದ ರೂಲ್ಸ್ ನಮ್ಮನ್ನ ಕಾಪಾಡತ್ತೆ," ಎಂಬುದು ಅವರ ಇನ್ನೊಂದು ಮಾತು.

ಆ ರೂಲ್ಸು ಅವರ ಮನೆಯ ಗ್ಯಾರೇಜಿನ ಹತ್ತಿರ ಬಂದಾಗ ಮಾತ್ರ ನಿಂತುಬಿಡುತ್ತಿತ್ತು. ವಾರಕ್ಕೊಮ್ಮೆ ಆ ಗ್ಯಾರೇಜಿನಿಂದ ಒಬ್ಬಾಕೆ ಒಳಗೆ ಬರುತ್ತಿದ್ದಳು. ಮುಂಬಾಗಿಲಿನಿಂದ ಬಂದದ್ದನ್ನು ನಾನು ಕಾಣೆ. ಮೆಕ್ಸಿಕೋದವಳೋ ಹೊಂಡುರಾಸಿನವಳೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಬಡಾವಣೆಯ ಕನ್ನಡದ ಮನೆಗಳೆಲ್ಲ ಆಕೆಯನ್ನು ಹಂಚಿಕೊಂಡಿದ್ದವು, ಮದುವೆ ಮನೆಗೆ ದೊಡ್ಡ ಪಾತ್ರೆ ಎರವಲು ಕೊಡುವ ಹಾಗೆ. ವಾಟ್ಸಾಪಿನಲ್ಲಿ "ನಾಳೆ ನನಗೆ ಬೇಡ, ನೀವು ತಗೊಳ್ಳಿ" ಎಂದು ಬರೆಯುತ್ತಿದ್ದರು. ಹೆಸರಿಲ್ಲ. ಕ್ಲೀನಿಂಗ್ ಲೇಡಿ. ಹಣ ನಗದು, ಬ್ಯಾಂಕಿಗೂ ಸರ್ಕಾರಕ್ಕೂ ಕಾಣದ ಹಾಗೆ.

ನಮ್ಮ ಮನೆಗೆ ಆಕೆ ಬರುತ್ತಿರಲಿಲ್ಲ. ಅದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಇನ್ನೊಬ್ಬರು ಒರೆಸಿದ ಮೂಲೆ ನನಗೆ ಸರಿಹೋಗುವುದಿಲ್ಲ, ಅಷ್ಟೆ.

ಒಂದು ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಾಗ ಮಗಳು ಈ ಮಾತು ತೆಗೆದಳು. ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ.

"ಆಂಟಿ, ರೆಗ್ಯುಲರ್ ಆಗಿ ಬರೋರಿಗೆ ನಾವು ಸೋಶಿಯಲ್ ಸೆಕ್ಯುರಿಟಿ ಕಟ್ಬೇಕಂತೆ. ವಯಸ್ಸಾದ್ಮೇಲೆ ಅವರಿಗೂ ಏನಾದ್ರೂ ಬರ್ಬೇಕಲ್ವಾ?"

"ಅಯ್ಯೋ ಪುಟ್ಟಿ, ಅವಳಿಗೇ ಬೇಡ ಕಣೇ. ಪೇಪರ್ ಇಲ್ದೋರಿಗೆ ಕ್ಯಾಶ್ ಅಂದ್ರೇನೇ ಖುಷಿ. ನಾವು ರೂಲ್ಸು ಅಂತ ಹೋದ್ರೆ ಪಾಪ ಅವಳಿಗೇ ತೊಂದ್ರೆ."

"ಪೇಪರ್ ಇಲ್ಲ ಅಂತ ಅವಳೇ ಹೇಳಿದ್ಲಾ?" ಎಂದು ನಾನು ಕೇಳಿದೆ.

"ಅದನ್ನೆಲ್ಲ ಕೇಳೋಕಾಗತ್ತಾ ಸಿಸ್ಟರಮ್ಮ? ಮರ್ಯಾದೆ ಅಲ್ಲ." ಹೆಗಲ ಬಟ್ಟೆ ಕೈಗಿಳಿಯಿತು, ಟೇಬಲ್ಲು ಒರೆಸಿತು. "ನಮ್ಮನೆಯವಳ ಥರಾನೇ ಅವಳು. ಅವಳ ಮಗಳ ಮದುವೆಗೆ ಚಿನ್ನದ ಓಲೆ ಕೊಟ್ಟಿದೀನಿ, ಗೊತ್ತಾ?"

ಕೊಟ್ಟಿದ್ದರು, ನಿಜ. ಅಷ್ಟರಲ್ಲಿ ಹೊರಗೆ ವ್ಯಾನು ಬಂತು. ಅವರ ಅತ್ತೆಯನ್ನು ವೃದ್ಧರ ಡೇಕೇರಿಗೆ ಕರೆದೊಯ್ಯುವ ವ್ಯಾನು. ಅಲ್ಲಿ ಬಿಸಿ ಊಟ, ಭಜನೆ, ತಂಬೋಲ, ಬಿಪಿ ನೋಡಲು ಒಬ್ಬ ನರ್ಸು. ಖರ್ಚೆಲ್ಲ ಸರ್ಕಾರದ್ದು, ಯಾಕೆಂದರೆ ಮುದುಕಿಯ ಹೆಸರಿನಲ್ಲಿ ವರಮಾನವಿಲ್ಲ. ಅದು ತಪ್ಪೆಂದು ನಾನು ಹೇಳುವುದಿಲ್ಲ. ವಯಸ್ಸಾದವರನ್ನು ನೋಡಿಕೊಳ್ಳಲೆಂದೇ ದುಡಿಯುವವರೆಲ್ಲ ಸೇರಿ ಆ ಹುಂಡಿ ತುಂಬಿಸುತ್ತಾರೆ. ಆದರೆ ನಮ್ಮ ಮುದುಕಿಯರಿಗೆ ಅದರಿಂದ ತೆಗೆದುಕೊಳ್ಳುವಾಗ ನಾವು ಸಾಲಿನಲ್ಲಿ ಮೊದಲಿಗರು. ನಮ್ಮ ಬಚ್ಚಲು ತಿಕ್ಕುವವಳು ಮುದುಕಿಯಾದಾಗ ಏನು ಎಂಬ ಪ್ರಶ್ನೆಗೆ ಹುಂಡಿಯ ಬಾಯಿ ಮುಚ್ಚಿ, "ಅವಳಿಗೇ ಬೇಡ" ಎನ್ನುತ್ತೇವೆ. ಅತ್ತೆಯನ್ನು ವ್ಯಾನು ಹತ್ತಿಸಿ ಬಂದ ಎದುರುಮನೆಯವರು ನನಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದರು. ಕಾಫಿ ಯಾವತ್ತಿನಂತೆ ಚೆನ್ನಾಗಿತ್ತು. ಅರ್ಧ ಲೋಟ ಹಾಗೇ ಬಿಟ್ಟು ಎದ್ದೆ.

ಅದಾದ ಮೇಲೆ ಬಂದ ದಸರೆಯಲ್ಲಿ ಆಗಬಾರದ್ದು ಆಯಿತು.

ಅವರ ಮನೆಯ ಗೊಂಬೆ ಇಡೀ ಹೂಸ್ಟನ್ನಿಗೆ ಪ್ರಸಿದ್ಧ. ವುಡ್‌ಲ್ಯಾಂಡ್ಸ್‌ನಿಂದ, ಡಲ್ಲಾಸಿನಿಂದಲೂ ನೋಡಲು ಬರುತ್ತಿದ್ದರು. ಗೊಂಬೆಗೆ ಮೆಟ್ಟಿಲು ಬೇಕಲ್ಲ. ಇಲ್ಲಿ ನಾವೆಲ್ಲ ಮಾಡುವ ಹಾಗೆ ಅವರೂ ಟಿವಿ ಬಂದ ರಟ್ಟಿನ ಪೆಟ್ಟಿಗೆ, ಡಯಾಪರ್ ಪೆಟ್ಟಿಗೆ, ಬಟ್ಟೆ ತುಂಬುವ ಪ್ಲಾಸ್ಟಿಕ್ ಡಬ್ಬ, ಎಲ್ಲ ಖಾಲಿಯವನ್ನು ಒಂದರ ಹಿಂದೊಂದು ಎತ್ತರಿಸಿ ಜೋಡಿಸಿ, ಮೇಲೆ ಬಿಳಿ ಪಂಚೆ ಬಿಗಿಯಾಗಿ ಎಳೆದು ಪಿನ್ನು ಹಾಕುತ್ತಿದ್ದರು. ಸುಕ್ಕಿಲ್ಲದ ಹಾಗೆ ಎಳೆದರೆ ಅದು ಸಾಕ್ಷಾತ್ ಅಮೃತಶಿಲೆಯ ಮೆಟ್ಟಿಲು. ನಮ್ಮಲ್ಲಿ ಹುಟ್ಟಿದ ಮೂರು ವರ್ಷದ ಮಗುವಿಗೂ ಅದು ಹತ್ತುವ ಮೆಟ್ಟಿಲಲ್ಲ ಎಂದು ಗೊತ್ತು. ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ಗೊಂಬೆ ಕೂರಿಸುವ ದಿನ ಮಧ್ಯಾಹ್ನ ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ಅವರ ಮನೆಗೆ ಹೋಗಿದ್ದೆ. ಮೇಲಿನ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು ಮಾತ್ರ ಕೂತಿದ್ದವು, ರಕ್ತಚಂದನದ ರಾಜ ರಾಣಿ, ಅವರ ಅಜ್ಜಿಯ ಕಾಲದವು. ಮಿಕ್ಕ ಗೊಂಬೆಗಳು ಇನ್ನೂ ಕಾಗದದಲ್ಲಿದ್ದವು. ಆಗ ಅವರ ಕಣ್ಣು ಮೇಲಿನ ಫ್ಯಾನಿನ ಧೂಳಿನ ಮೇಲೆ ಬಿತ್ತು. ಕೆಲಸಕ್ಕೆ ಬಂದಿದ್ದ ಕ್ಲೀನಿಂಗ್ ಲೇಡಿಯನ್ನು ಕರೆದು ಬೆರಳು ತೋರಿಸಿದರು. ಆಕೆ ಏಣಿ ತರಲು ಗ್ಯಾರೇಜಿನ ಕಡೆ ತಿರುಗಿದಳು.

"ನೋ ಲ್ಯಾಡರ್, ನೋ ಲ್ಯಾಡರ್," ಎಂದರು. "ಮರದ ನೆಲಕ್ಕೆ ಗೀರು ಬೀಳತ್ತೆ ಸಿಸ್ಟರಮ್ಮ, ಹೋದ ವರ್ಷಾನೇ ಪಾಲಿಶ್ ಮಾಡಿಸಿದ್ದು." ನನಗಷ್ಟು ಹೇಳಿ ಅಡುಗೆಮನೆಗೆ ಬಂದರು.

ಏಣಿ ಇಲ್ಲದೆ ಆ ಫ್ಯಾನಿಗೆ ಕೈ ಎಟುಕಲು ಇದ್ದದ್ದು ಅದೊಂದೇ ಮೆಟ್ಟಿಲು. ನಾವು ಒಗ್ಗರಣೆಯ ಸದ್ದಿನಲ್ಲಿದ್ದಾಗ ಹಾಲ್‌ನಲ್ಲಿ ರಟ್ಟು ಕುಸಿದ ಸದ್ದು, ಆಮೇಲೆ ಮೈ ಬಿದ್ದ ಸದ್ದು ಕೇಳಿತು. ಓಡಿ ಹೋಗಿ ನೋಡಿದರೆ ಮೆಟ್ಟಿಲ ನಡುವೆ ಗುಂಡಿ, ಪಂಚೆ ಹರಿದಿದೆ. ಆಕೆ ಒಳಗೆ ಕೆಲಸಕ್ಕೆ ಮೆಟ್ಟುತ್ತಿದ್ದ ಚಪ್ಪಲಿ ಪಕ್ಕದಲ್ಲಿ ಜೋಡಿಸಿಟ್ಟ ಹಾಗೇ ಇತ್ತು. ಆ ಮನೆಯ ನಿಯಮದಂತೆ ಚಪ್ಪಲಿ ಬಿಟ್ಟೇ ಹತ್ತಿದ್ದಳು.

ಎದುರುಮನೆಯವರು ಮೊದಲು ಎತ್ತಿಕೊಂಡದ್ದು ರಾಣಿಯನ್ನು. ಬೆಳಕಿಗೆ ಹಿಡಿದು, ತಿರುಗಿಸಿ, ಕಿರೀಟ ಮುಟ್ಟಿ ನೋಡಿದರು. ರಾಣಿಗೆ ಏನೂ ಆಗಿರಲಿಲ್ಲ.

ನಾನು ನೆಲಕ್ಕೆ ಕೂತೆ. ಆಕೆಯ ಬಲ ಮಣಿಕಟ್ಟು ಊಟದ ಫೋರ್ಕಿನಂತೆ ಮೇಲಕ್ಕೆ ಬಾಗಿತ್ತು. ಆ ಆಕಾರ ಕಂಡರೆ ಎಕ್ಸ್‌ರೇ ಬೇಕಿಲ್ಲ. ಲಟ್ಟಣಿಗೆ, ಒಂದು ದಪ್ಪ ಪತ್ರಿಕೆ, ನಾನು ಹೊದ್ದಿದ್ದ ಹಳೆಯ ದುಪಟ್ಟಾ ತೆಗೆದು ಕಟ್ಟು ಹಾಕಿದೆ. "ಈಗಲೇ ಆಸ್ಪತ್ರೆಗೆ ಹೋಗ್ಬೇಕು," ಎಂದೆ.

"ಇನ್ನೇನು ಜನ ಬರೋ ಹೊತ್ತು ಸಿಸ್ಟರಮ್ಮ," ಎಂದರು. ದನಿಯಲ್ಲಿ ಕೆಡುಕೇನೂ ಇರಲಿಲ್ಲ, ಹಾಲು ಉಕ್ಕುತ್ತಿದೆ ಎನ್ನುವ ಹಾಗೆ ಹೇಳಿದರು. "ಎಲ್ಲಿ ಬಿದ್ದೆ ಅಂತ ಕೇಳ್ತಾರೆ. ವಿಮೆಯವರು ಕೇಳ್ತಾರೆ, ಆಮೇಲೆ ಟ್ಯಾಕ್ಸ್ ಆಫೀಸಿನವರು ಕೇಳ್ತಾರೆ. ನಮ್ಮ ಯಜಮಾನ್ರ ಕೆಲಸದ ಗತಿ?" ಆಮೇಲೆ ಬಗ್ಗಿ ಆಕೆಯ ತಲೆ ಸವರಿ ಇಂಗ್ಲಿಷಿನಲ್ಲಿ ಹೇಳಿದರು: "ನಿನ್ನ ಮನೆ ಮೆಟ್ಟಿಲ ಮೇಲೆ ಬಿದ್ದೆ ಅನ್ನು, ಆಯ್ತಾ?"

"ನನ್ನ ಮನೆಗೆ ಮೆಟ್ಟಿಲಿಲ್ಲ, ಅಮ್ಮ," ಎಂದಳು ಆಕೆ. ಅವರನ್ನು ಆಕೆ ಅಮ್ಮ ಎಂದೇ ಕರೆಯುತ್ತಿದ್ದುದು. ಅವರೇ ಕಲಿಸಿದ್ದು.

ಕೈಗೆ ಫ್ರೀಜರಿನ ಬಟಾಣಿ ಚೀಲ ಕೊಟ್ಟು ಆಕೆಯನ್ನು ಗ್ಯಾರೇಜಿನಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂರಿಸಿದರು. ನಾನು ಪಕ್ಕ ನಿಂತು ಮಗಳಿಗೆ ಫೋನ್ ಮಾಡಿದೆ. ಆಫೀಸಿನಿಂದ ಬರಬೇಕಿತ್ತು, ದಾರಿಯಲ್ಲಿ ಟ್ರಾಫಿಕ್ಕು. ಅಷ್ಟು ಹೊತ್ತೂ ಬಾಗಿಲಾಚೆ ಮೆಟ್ಟಿಲು ಮತ್ತೆ ಎದ್ದು ನಿಲ್ಲುವ ಸದ್ದು ಕೇಳುತ್ತಿತ್ತು. ಹೊಸ ಪೆಟ್ಟಿಗೆ ಬಂತು, ಹೊಸ ಪಂಚೆ ಬಂತು. ಆಮೇಲೆ ಜನ ಬಂದರು. "ಸೂಪರ್ ಆಂಟಿ!" ಎಂದು ಹುಡುಗಿಯರು. ಧಾರವಾಡದ ಕಡೆಯ ಒಬ್ಬರ ದನಿ ಕೇಳಿತು: "ಏನ್ ಚಂದ ಕೂಡಿಸೀರ್ರೀ, ಒಂದ್ ಸುಕ್ಕ್ ಇಲ್ಲ ನೋಡ್ರಿ." ಅದೇ ಧಾರವಾಡದವರು ಹೆಚ್ಚಿನ ಕುರ್ಚಿ ತೆಗೆದುಕೊಳ್ಳಲು ಗ್ಯಾರೇಜಿಗೆ ಬಂದರು. ಬೆವರಿ ಬಿಳಚಿಕೊಂಡು ಕೂತಿದ್ದ ಹೆಂಗಸನ್ನು ಕಂಡರು, ನನ್ನನ್ನು ಕಂಡರು. "ಎಕ್ಸ್‌ಕ್ಯೂಸ್ ಮಿ" ಎಂದು ಆಕೆಯ ಕಾಲು ದಾಟಿ, ಎರಡು ಕುರ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದರು.

ಮೂವತ್ತಾರು ವರ್ಷ ಮಲ, ಮೂತ್ರ, ಹುಳ ಬಿದ್ದ ಗಾಯ ತೊಳೆದವಳು ನಾನು. ನೋವಿನಲ್ಲಿ ಕೂತವರ ಕಾಲು ದಾಟಿ ಹೋದವರನ್ನು ಕಂಡದ್ದು ಅವತ್ತು.

ಮಗಳು ಬಂದಳು. "ಅಮ್ಮ, ನಾವ್ಯಾಕೆ ಮಧ್ಯ ಹೋಗೋದು?" ಎಂದು ಮೊದಲು ಅಂದಳು. ಆಕೆಯ ಕೈ ನೋಡಿದ ಮೇಲೆ ಕಾರಿನ ಬಾಗಿಲು ತೆಗೆದಳು. ದಾರಿಯಲ್ಲಿ ನಾನು ಹೆಸರು ಕೇಳಿದೆ. ಎಲ್ವಿರಾ. ಎದುರುಮನೆಗೆ ವರ್ಷಗಟ್ಟಲೆ ಬಂದವಳ ಹೆಸರು ನನಗೆ ಗೊತ್ತಾದದ್ದು ಹೀಗೆ.

ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರು, ಎಲ್ಲಿ ಬಿದ್ದೆ, ಕೆಲಸದ ಜಾಗದಲ್ಲಾ? ಎಲ್ವಿರಾ ನನ್ನ ಮುಖ ನೋಡಿ, "ಮನೆಯಲ್ಲಿ," ಎಂದಳು. ಅವಳ ಮಾತಿನ ಮೇಲೆ ಮಾತಾಡುವ ಹಕ್ಕು ನನಗಿರಲಿಲ್ಲ. ಕಾಯುವ ಕುರ್ಚಿಯಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದೆ, ಕಾಗದಪತ್ರದ ಭಯವೇ? ಅವಳು ಎಡಗೈಯಿಂದ ಪರ್ಸು ಬಿಡಿಸಿ ಗ್ರೀನ್ ಕಾರ್ಡನ್ನೂ ಸೋಶಿಯಲ್ ಸೆಕ್ಯುರಿಟಿ ಕಾರ್ಡನ್ನೂ ತೋರಿಸಿದಳು. ಎರಡೂ ಸರಿಯಾಗಿದ್ದವು.

"ಹಾಗಾದರೆ ಯಾಕೆ ಯಾರಿಗೂ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ," ಎಂದಳು. "ಒಂದು ಮನೆಯವರಿಗೆ ಸಿಟ್ಟು ಬಂದರೆ ಎಲ್ಲ ಮನೆಯೂ ಹೋಗುತ್ತದೆ. ಅವರೆಲ್ಲ ಫೋನಿನಲ್ಲಿ ಒಂದೇ."

ಮೂಳೆಗೆ ಪ್ಲೇಟು ಹಾಕಬೇಕಾಯಿತು. ಮನೆಯಲ್ಲಿ ಬಿದ್ದೆ ಎಂದು ಬರೆಸಿದ್ದರಿಂದ ಖರ್ಚೆಲ್ಲ ಅವಳ ತಲೆಯ ಮೇಲೆ. ನನ್ನ ಮಗಳು ವಿಚಾರಿಸಿ ಬಂದಳು: ಎದುರುಮನೆಯವರ ಮನೆಗೆ ವಿಮೆ ಇದೆ, ನಮ್ಮಲ್ಲೇ ಬಿದ್ದಳು ಎಂದು ಅವರು ಒಂದು ಮಾತು ಹೇಳಿದರೆ ವಿಮೆಯವರು ಕೊಡುತ್ತಾರೆ. ಅದನ್ನು ಹೇಳಲು ನಾನು ವಿಜಯದಶಮಿಯ ಮರುದಿನ ಹೋದೆ. ಅವರು ಗೊಂಬೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದರು. ವಿಷಯ ಹೇಳಿದೆ. ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಸಿಸ್ಟರಮ್ಮ, ನಾನು ಅವಳಿಗೆ ಏನು ಕಮ್ಮಿ ಮಾಡಿದೀನಿ ಹೇಳಿ. ಹಬ್ಬ ಬಂದ್ರೆ ಸೀರೆ, ಕ್ರಿಸ್ಮಸ್ ಬಂದ್ರೆ ಬೋನಸ್ಸು. ಈಗ್ಲೂ ದುಡ್ಡು ಕಳಿಸ್ತೀನಿ, ಎಷ್ಟು ಬೇಕಾದ್ರೂ. ಕೈಯಿಂದ ಕೊಡ್ತೀನಿ. ಅವರಿವರ ಹತ್ರ ಹೇಳೋದು ಮಾತ್ರ ಬೇಡ."

"ನೀವು ಕೈಯೆತ್ತಿ ಕೊಡೋದನ್ನ ಅವಳು ಕೈಚಾಚಿ ತಗೋಬೇಕು. ವಿಮೆ ಆದ್ರೆ ಅವಳದ್ದು ಅವಳು ತಗೋತಾಳೆ," ಎಂದೆ.

"ನಿಮ್ಮ ಬೆನ್ನು ತೊಳೆದ ಕೈ ಇದು. ನನ್ನ ವಿರುದ್ಧ ಹೇಳ್ತೀರಾ?"

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. "ಕೇಳಿದ್ರೆ ಹೇಳ್ತೀನಿ," ಎಂದು ಎದ್ದು ಬಂದೆ. ಅವತ್ತು ಸಂಜೆಯೂ ಡಬ್ಬಿಯಲ್ಲಿ ಚರ್ಪು, ಗೊಂಬೆ ನೋಡಲು ಬಂದವರಿಗೆ ಹಂಚುವ ತಿಂಡಿ, ಕಳಿಸಿದ್ದರು. ಅವರನ್ನು ದ್ವೇಷಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬರೆದೆ.

ಕೇಳುವ ದಿನ ಬೇಗನೇ ಬಂತು. ಕೈ ಮುರಿದವಳು ಕೆಲಸಕ್ಕಿಲ್ಲ ಎಂದು ವಾಟ್ಸಾಪಿನ ಮನೆಗಳೆಲ್ಲ ದೀಪಾವಳಿಯೊಳಗೆ ಇನ್ನೊಬ್ಬಳನ್ನು ಹುಡುಕಿಕೊಂಡಿದ್ದವು. ಅವಳಿಗೂ ನಗದು, ಅವಳಿಗೂ ಹೆಸರಿಲ್ಲ. ಕಳೆದುಕೊಳ್ಳಲು ಮನೆಗಳೇ ಉಳಿಯದ ಮೇಲೆ ಎಲ್ವಿರಾಳಿಗೆ ಭಯವೂ ಉಳಿಯಲಿಲ್ಲ. ತನ್ನ ಮಾತು ತಿದ್ದಿ, ಅಮ್ಮನ ಮನೆಯಲ್ಲೇ ಬಿದ್ದೆ ಎಂದು ವಿಮೆಯವರಿಗೆ ಹೇಳಿದಳು. ಅವರು ನಂಬಲಿಲ್ಲ, ಆಸ್ಪತ್ರೆಯಲ್ಲಿ ಬೇರೆ ಹೇಳಿದ್ದಳಲ್ಲ. ಆಗ ಅವಳ ಮಗಳು ನನಗೆ ಫೋನ್ ಮಾಡಿದಳು. ವಿಮೆಯವರ ಮುಂದೆ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಏಣಿಯ ಮಾತನ್ನೂ ಸೇರಿಸಿ.

ಆಸ್ಪತ್ರೆಯ ಖರ್ಚು ವಿಮೆಯಿಂದ ಬಂತು. ಕೈ ಪೂರ್ತಿ ಮೊದಲಿನಂತಾಗಲಿಲ್ಲ. ನನ್ನ ಮಗಳನ್ನು ವಾಟ್ಸಾಪ್ ಗುಂಪಿನಿಂದ ತೆಗೆದರು. ಎದುರುಮನೆಯ ಯಜಮಾನರು ಒಂದು ದಿನ ಅಂಚೆ ಡಬ್ಬದ ಹತ್ತಿರ ನಿಂತು, ಅತ್ತಿತ್ತ ನೋಡಿ, "ನೀವು ಮಾಡಿದ್ದು ಸರಿ ಸಿಸ್ಟರ್. ನಾನು ಹೇಳಿದೆ ಅಂತ ಮನೇಲಿ ಹೇಳ್ಬೇಡಿ," ಎಂದರು. ಅವರ ಹೆಂಡತಿಯ ಮೇಲೆ ನನಗಿದ್ದ ಗೌರವ ಆ ಕ್ಷಣ ಒಂದು ತೂಕ ಹೆಚ್ಚಾಯಿತು. ಆಕೆ ಕಡೇಪಕ್ಷ ತಪ್ಪನ್ನು ಎದುರಿಗೆ ನಿಂತು ಮಾಡಿದರು.

ಆಮೇಲೆ ಎದುರುಮನೆಯವರು ಮಗನಿದ್ದ ಆಸ್ಟಿನ್‌ಗೆ ಶಿಫ್ಟ್ ಆದರು. ಅಲ್ಲಿ ಕಾಯಿಲೆ ಬಿದ್ದರು, ಹೊಟ್ಟೆಯ ಕ್ಯಾನ್ಸರು. ನನ್ನನ್ನು ನೋಡಬೇಕು ಎಂದರಂತೆ. ಹೋದೆ. ಮೈಯೆಲ್ಲ ಇಳಿದು ಹೋಗಿ ಕಣ್ಣು ಮಾತ್ರ ಉಳಿದಿತ್ತು. ಸೊಸೆ ಹೊರಗೆ ಹೋಗುವುದನ್ನೇ ಕಾದು ಕೇಳಿದರು:

"ಸಿಸ್ಟರಮ್ಮ, ಮೆಟ್ಟಿಲು ಹತ್ತು ಅಂತ ನಾನು ಹೇಳಿರ್ಲಿಲ್ಲ ಅಲ್ವಾ?"

ಸಾಯುವವರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ನನಗೆ ಗೊತ್ತಿದೆ. ವಾರ್ಡಿನಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಪುಣ್ಯವೆಂದು ಹೇಳಿದ್ದೇನೆ. ಆದರೆ ಈ ಸುಳ್ಳಿನ ಬೆಲೆ ಕೊಡುವವಳು ಆ ಕೋಣೆಯಲ್ಲಿರಲಿಲ್ಲ.

"ಇಲ್ಲ, ಹೇಳಿರ್ಲಿಲ್ಲ," ಎಂದೆ. "ಏಣಿ ತರ್ಬೇಡ ಅಂದ್ರಿ."

"ಮೊಂಡು ಹೆಂಗಸು ನೀವು," ಎಂದರು. ಸೊಸೆಯನ್ನು ಕೂಗಿ, "ಇವರಿಗೆ ಕಾಫಿ ಕೊಡು, ಡಿಕಾಕ್ಷನ್ ಸ್ಟ್ರಾಂಗಾಗಿರ್ಲಿ," ಎಂದರು.

ಆ ತಿಂಗಳೇ ಹೋದರು. ವೈಕುಂಠ ಸಮಾರಾಧನೆಗೆ ಹೂಸ್ಟನ್ನಿನಿಂದಲೂ ಡಲ್ಲಾಸಿನಿಂದಲೂ ಜನ ಸೇರಿದ್ದರು. ಊಟವಾದ ಮೇಲೆ ಒಬ್ಬೊಬ್ಬರೇ ಎದ್ದು ಮಾತಾಡಿದರು. ಯಾರಿಗೂ ಇಲ್ಲ ಎಂದವರಲ್ಲ ಎಂದರು, ಅನ್ನಪೂರ್ಣೆ ಎಂದರು. ನನ್ನನ್ನೂ ಕರೆದರು. ನನ್ನ ಬೆನ್ನಿನ ಗುಳ್ಳೆಗಳನ್ನು ಬರಿಗೈಯಲ್ಲಿ ಮುಟ್ಟಿದ್ದನ್ನು ಹೇಳಿದೆ. ನಾನು ಬದುಕಿರುವ ತನಕ ಆ ಋಣ ತೀರುವುದಿಲ್ಲ ಎಂದೆ. ಎಲ್ವಿರಾ ಎಂಬಾಕೆ ವರ್ಷಗಟ್ಟಲೆ ಅವರ ಮನೆ ಒರೆಸಿದಳು, ಅದೇ ಮನೆಯಲ್ಲಿ ಬಿದ್ದು ಬಲಗೈಯ ಬಲ ಕಳೆದುಕೊಂಡಳು, ಇಲ್ಲಿ ಕೂತಿರುವ ನಮ್ಮ ಬಡಾವಣೆಯ ಹೆಚ್ಚಿನವರ ಮನೆಯನ್ನೂ ಅವಳೇ ಒರೆಸುತ್ತಿದ್ದಳು ಎಂದೂ ಹೇಳಿದೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದೆ.

ಕುರ್ಚಿ ತೆಗೆದುಕೊಂಡು ಹೋಗಿದ್ದ ಧಾರವಾಡದವರು, "ಇವತ್ತ ಹೇಳಬೇಕಿತ್ತೇನ್ರೀ ಅದನ್ನ?" ಎಂದರು.

"ಮತ್ಯಾವತ್ತು ಹೇಳ್ಲಿ?" ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡೆ.

ಬಾಗಿಲವರೆಗೆ ಯಾರೂ ಬರಲಿಲ್ಲ. ಅವರು ಇದ್ದಿದ್ದರೆ, ನನಗೆ ಎಷ್ಟು ಬೈದಿದ್ದರೂ, ಕಾರಿನವರೆಗೆ ಬಂದು ಕಳಿಸುತ್ತಿದ್ದರು.